ಚಕ್ಕುಬಂದಿಯ ಆಚೆ, ಈಚೆ

ಬೆಂಗಳೂರಿನಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಹೊರಟವನಿಗೆ ಮೊತ್ತಮೊದಲು ತಿಳಿಯಬರುವ ಸಂಗತಿಯೆಂದರೆ, ವ್ಯವಹಾರದ ಲೆಕ್ಕದಲ್ಲಿ ಅಂಥ ಮನೆಯೆಂಬುದು ಇಲ್ಲವೇ ಇಲ್ಲ ಎಂಬುದು. ದಲ್ಲಾಳಿಯು ನಿವೇಶನದ ಉದ್ದಗಲವನ್ನು ಹೇಳುತ್ತಾನೆ, ಮುಂದಿನ ರಸ್ತೆಯ ಅಗಲವನ್ನು ಹೇಳುತ್ತಾನೆ, ಬಾಗಿಲು ಯಾವ ದಿಕ್ಕಿಗೆ ಎಂಬುದನ್ನು ಎರಡೆರಡು ಸಲ ಒತ್ತಿ ಹೇಳುತ್ತಾನೆ; ತಲೆಮಾರುಗಳ ಮಳೆಬಿಸಿಲನ್ನು ತಾಳಿಕೊಂಡು ನಿಂತಿರುವ ಕಟ್ಟಡದ ಪ್ರಸ್ತಾಪ ಬಂದಾಗ ಮಾತ್ರ, "ಬಿಲ್ಡಿಂಗಿಗೆ ಏನೂ ಹಾಕಿಲ್ಲ ಸಾರ್, ಕೆಡವೋ ಖರ್ಚು ಮಾತ್ರ ನಿಮ್ದು" ಎಂದು ಉದಾರವಾಗಿ ನಗುತ್ತಾನೆ. ಸಾಲ ಕೊಡುವ ಬ್ಯಾಂಕಿನಿಂದ ಬರುವ ಮೌಲ್ಯಮಾಪಕರ ಮತವೂ ಇದಕ್ಕಿಂತ ಬಹಳ ಭಿನ್ನವಲ್ಲ. ಅವರು ನಿವೇಶನವನ್ನು ಅಳೆದು, ಗೋಡೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಕಟ್ಟಡದ ಆಯುಷ್ಯ ಮುಗಿದಿದೆಯೆಂದು ಬರೆದುಕೊಂಡು, ಆ ಮುಗಿದ ಆಯುಷ್ಯದ ಜಗಲಿಯ ಮೇಲೆಯೇ ಕುಳಿತು ಕಾಫಿ ಕುಡಿದು ಹೋಗುತ್ತಾರೆ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಾನು ಕೊಂಡ ಮನೆಯೂ ಹೀಗೆ ಬೆಲೆಯಿಲ್ಲದ ಮನೆಯೇ. ಬೀದಿಗೆ ಮುಖಮಾಡಿದ ಜಗಲಿ. ಅದರ ಮೇಲೆ ಮಂಗಳೂರು ಹೆಂಚಿನ ಇಳಿಜಾರು ಮಾಡು. ಕಿಟಕಿಗಳ ನೆತ್ತಿಯ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ, ಬೆಂಗಳೂರಿನವರೆಲ್ಲ ಮಂಕಿ ಟಾಪ್ ಎಂದು ಕರೆಯುವ ಮೊನಚು ಛಾವಣಿಗಳು. ಒಳಗೆ ಮದ್ರಾಸ್ ತಾರಸಿಯ ನಡುಮನೆ, ಕೆಂಪು ಗಾರೆಯ ನೆಲ, ಹಂಡೆಯನ್ನು ಒಲೆಗೆ ಹುಗಿದ ಬಚ್ಚಲುಮನೆ, ಹಿತ್ತಲಲ್ಲಿ ಕಲ್ಲುಕಟ್ಟಡದ ಬಾವಿ, ಅದರಾಚೆ ಎಲ್ಲಿಗೂ ಹೋಗದಂತೆ ತೋರುವ ಒಂದು ಕಿರುಬಾಗಿಲು. ಇವುಗಳಲ್ಲಿ ಒಂದೊಂದೂ ಏಕೆ ಹೀಗಿದೆ ಎಂದು ಕೇಳಹೊರಟರೆ ಉತ್ತರವು ಮನೆಯೊಳಗೆ ಸಿಕ್ಕುವುದಿಲ್ಲ; ಗೋಡೆಯ ಹೊರಗೆ, ಬೀದಿಯಲ್ಲಿ, ಬಡಾವಣೆಯ ನಕ್ಷೆಯಲ್ಲಿ, ಕೆರೆಯಲ್ಲಿ, ಕೋಟೆಯಲ್ಲಿ ಅದನ್ನು ಅರಸಬೇಕಾಗುತ್ತದೆ. ಆದುದರಿಂದ ಹಳೆಯ ಮನೆಯನ್ನು ಕೊಂಡವನು ಸುತ್ತಲಿನ ಪೇಟೆಯನ್ನು ಸುತ್ತುವುದು ಕೇವಲ ಕುತೂಹಲದ ಕೆಲಸವಲ್ಲ, ಕೊಂಡುದೇನೆಂಬುದನ್ನು ತಿಳಿದುಕೊಳ್ಳುವ ಉಪಾಯವೂ ಹೌದೆಂದು ನನ್ನ ಅಭಿಪ್ರಾಯ.

ಕಾಗದಪತ್ರಗಳಿಂದ ಆರಂಭಿಸುವುದು ಲೋಕರೂಢಿ. ತಾಯಿಪತ್ರವೆಂದು ಕರೆಯಲ್ಪಡುವ ಮೂಲಪತ್ರದಿಂದ ಮೊದಲುಗೊಂಡು ಈಗಿನ ಮಾಲೀಕರವರೆಗೆ ಸ್ವತ್ತು ಕೈಯಿಂದ ಕೈಗೆ ಬಂದ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿರಬಾರದು. ನನ್ನ ಕೈಗೆ ಬಂದ ಮೂಲಪತ್ರವು ಮೈಸೂರು ಸಂಸ್ಥಾನದ ಛಾಪಾಕಾಗದದ ಮೇಲೆ, ಮಡಿಕೆಯ ಜಾಗದಲ್ಲೆಲ್ಲ ಹರಿದು ಹಿಂದಿನಿಂದ ತೆಳುಬಟ್ಟೆ ಅಂಟಿಸಿಕೊಂಡಿದ್ದ, ಕಂದುಮಸಿಯ ದಸ್ತಾವೇಜು. ಪತ್ರ ಬರೆದವನು ಕೊನೆಯಲ್ಲಿ ಬಿಕ್ಕಲಂ ಎಂದು ತನ್ನ ಹೆಸರನ್ನು ಹಾಕಿ, ನಡುವೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಕೊಳ್ಳುವವರಿಗೆ ಧಾರಾಳವಾಗಿ ಬಿಟ್ಟುಕೊಟ್ಟಿದ್ದನು. ಅಗ್ರಹಾರಗಳನ್ನು ದಾನ ಮಾಡಿದ ಅರಸರ ಶಾಸನಗಳಲ್ಲಿ ಬರುವ ಹಕ್ಕುಗಳೇ ಇವು. ಒಬ್ಬ ಗುಮಾಸ್ತನ ಕುಟುಂಬಕ್ಕಾಗುವಷ್ಟು ನಿವೇಶನಕ್ಕೂ ಅವು ಒಂದನ್ನೂ ಬಿಡದೆ ಹಿಂಬಾಲಿಸಿ ಬಂದಿವೆ. ನಿಧಿ ನಿಕ್ಷೇಪಗಳು ಇದುವರೆಗೆ ಕಾಣಿಸಿಕೊಂಡಿಲ್ಲ. ಜಲವೊಂದು ಉಂಟು.

ಆದರೆ ಅಂಥ ಪತ್ರದಲ್ಲಿ ನಿಜವಾಗಿ ಮನಸ್ಸಿಟ್ಟು ಓದಬೇಕಾದುದು ಚಕ್ಕುಬಂದಿಯನ್ನು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಗಲ್ಲಿ, ಈ ಮಧ್ಯೆ ಇರುವ ಸ್ವತ್ತು: ಹೀಗೆ ಮನೆಯನ್ನು ವರ್ಣಿಸುವಾಗ ಮನೆಯ ವಿಷಯವನ್ನೇ ಹೇಳದೆ, ಅದು ಏನಲ್ಲವೋ ಅದನ್ನೆಲ್ಲ ನಾಲ್ಕು ದಿಕ್ಕಿನಿಂದ ಹೇಳಿ ಮುಗಿಸುವ ಈ ಕ್ರಮವು ಮೊದಲು ವಿಚಿತ್ರವಾಗಿ ತೋರಿದರೂ, ಅಳತೆಗೂ ಎಲ್ಲೆಗೂ ವಿರೋಧ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಎಲ್ಲೆಯನ್ನೇ ಹಿಡಿಯುತ್ತವೆಂಬುದನ್ನು ತಿಳಿದ ಮೇಲೆ ಅದರ ವಿವೇಕವು ಮನದಟ್ಟಾಗುತ್ತದೆ. ಅಡಿಗೋಲು ಹಿಡಿದವನ ಕೈ ತಪ್ಪಬಹುದು. ನೆರೆಯವನ ಗೋಡೆ ಎಲ್ಲಿದೆಯೋ ಅಲ್ಲಿಯೇ ಇರುತ್ತದೆ. ಆದರೆ ನೂರು ವರ್ಷದ ಹಿಂದಿನ ಪೂರ್ವದ ಮನೆಯವರು ಈಗ ಇಲ್ಲ, ಪಶ್ಚಿಮದ ಖಾಲಿ ನಿವೇಶನವು ಈಗ ಖಾಲಿಯಾಗಿಲ್ಲ. ಆ ಹೆಸರುಗಳಿಂದ ಈ ಹೆಸರುಗಳಿಗೆ ದಾರಿ ಹುಡುಕಲು ಬೀದಿಯ ಹಿರಿಯರ ಜಗಲಿಗಳನ್ನು ಒಂದೊಂದಾಗಿ ಹತ್ತಿಳಿಯಬೇಕು. ಪೂರ್ವದ ಮನೆಯ ಅಜ್ಜಿಯೊಬ್ಬರು ಪತ್ರವನ್ನು ನನ್ನಿಂದ ಓದಿಸಿ ಕೇಳಿ, "ಓ, ಅವರಾ! ನಮ್ಮ ಮಾವನವರ ದೊಡ್ಡಪ್ಪ ಕಣಪ್ಪ. ಕೂತ್ಕೋ, ನಮ್ಮ ಪತ್ರಾನೂ ತೆಗೆಸ್ತೀನಿ" ಎಂದು ಒಳಗಿನಿಂದ ತಗಡಿನ ಪೆಟ್ಟಿಗೆಯನ್ನು ತರಿಸಿದರು. ವಕೀಲರು ಪರಿಶೀಲನೆಯೆಂದು ಕರೆಯುವ ಕೆಲಸದ ಬಹುಭಾಗವು ಹೀಗೆ ಕಾಫಿಯ ಲೋಟದೊಂದಿಗೆ ನಡೆಯತಕ್ಕದ್ದು.

ಹಳೆಯ ಮನೆಗಳ ಮಾರಾಟದಲ್ಲಿ ತೊಡಕು ಹೆಚ್ಚಾಗಿ ಹುಟ್ಟುವುದು ಎಲ್ಲೆಯಿಂದಲ್ಲ, ಸಹಿಯಿಂದ. ಅಜ್ಜನು ಸಂಪಾದಿಸಿದ ಮನೆಯನ್ನು ಮೊಮ್ಮಕ್ಕಳು ಮಾರುವಾಗ, "ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಹೋದರಲ್ಲ, ಅವರ ಸಹಿ ಏಕೆ?" ಎಂಬ ಮಾತನ್ನು ಇಂದಿಗೂ ನಿಷ್ಕಪಟವಾಗಿ ಆಡುವವರುಂಟು. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಜನ್ಮಸಿದ್ಧವಾದ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಶಾಸನದಿಂದ ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೇ ಎಂಬ ಸಂಶಯವನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೇಕಿಲ್ಲವೆಂದು ಪರಿಹರಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ನೋಂದಣಿಯಾದ ವಿಭಾಗಪತ್ರವಿದ್ದರೆ ಅದನ್ನು ಕದಲಿಸುವಂತಿಲ್ಲ; ಇಲ್ಲವಾದರೆ ವಂಶವೃಕ್ಷದ ಎಲ್ಲ ಕೊಂಬೆಗಳಿಂದಲೂ ಸಹಿ ಬರಬೇಕು. ನಾನು ಕೊಂಡ ಮನೆಯ ಕ್ರಯಪತ್ರಕ್ಕೆ ಸಹಿ ಹಾಕಲು ಒಬ್ಬರು ಶಿವಮೊಗ್ಗದಿಂದ, ಇನ್ನೊಬ್ಬರು ಪುಣೆಯಿಂದ ಬಂದರು. ಉಪನೋಂದಣಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರೂ ಬಾಲ್ಯದ ಬಚ್ಚಲುಮನೆಯ ಎಣ್ಣೆಸ್ನಾನಗಳನ್ನು ನೆನೆದುಕೊಳ್ಳುತ್ತ ಕುಳಿತಿದ್ದುದು ಒಂದು ಸಮಾರಂಭದಂತೆಯೇ ಇದ್ದಿತು. ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವುದು, 2004ರ ಏಪ್ರಿಲಿನಿಂದ ಈಚಿನದು ಗಣಕದಲ್ಲಿ ಸಿಕ್ಕುತ್ತದೆ, ಅದಕ್ಕೆ ಹಿಂದಿನದನ್ನು ಕಚೇರಿಯ ಕೈಬರಹದ ಸೂಚಿಗಳಿಂದ ತೆಗೆಸಬೇಕು. ಖಾತೆಯೆಂಬುದು ಕಂದಾಯಕ್ಕಾಗಿ ಇಟ್ಟ ಲೆಕ್ಕವೇ ಹೊರತು ಮಾಲೀಕತ್ವದ ಪ್ರಮಾಣವಲ್ಲ. ಇಷ್ಟನ್ನು ತಿಳಿದವನು ಉಳಿದುದನ್ನು ವಕೀಲರಿಗೆ ಬಿಡಬಹುದು.

ಕಟ್ಟಡದ ವಿಷಯವನ್ನು ಮಾತ್ರ ವಕೀಲರಿಗಾಗಲಿ, ಈಗಿನ ಗುತ್ತಿಗೆದಾರರಿಗಾಗಲಿ ಬಿಡಲಾಗದು. ಮನೆಯನ್ನು ಕೊಂಡ ವರ್ಷದ ಮಳೆಗಾಲದಲ್ಲಿ ನಡುಮನೆಯ ಒಂದು ಮೂಲೆ ಸೋರಿತು. ಅದರ ಕೆಳಗಿನ ಗೋಡೆ ಎದೆಯೆತ್ತರದವರೆಗೆ ಚೌಳು ಹಿಡಿದು ಬಿಳಿಯ ಹುಡಿಯನ್ನು ಉದುರಿಸತೊಡಗಿತು. ಮೊದಲು ಬಂದ ಗುತ್ತಿಗೆದಾರರು ಗೋಡೆಗೆಲ್ಲ ಸಿಮೆಂಟಿನ ಗಿಲಾವು ಮಾಡಿ, ಮೇಲೆ ನೀರುತಡೆಯುವ ಬಣ್ಣ ಬಳಿದುಬಿಡಬೇಕೆಂದರು. ಆಮೇಲೆ ಬಂದ, ಹಳೆಯ ಮನೆಗಳಲ್ಲಿಯೇ ಕೂದಲು ನರೆತ ಮೇಸ್ತ್ರಿಯು ಏನೂ ಹೇಳದೆ ಕರಣೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟುತ್ತ ಹೋದನು. ಒಂದೆಡೆ ಶಬ್ದವು ಗಟ್ಟಿಯಾಗಿ ಬಂದಿತು. ಸೋರಿದ ಮೂಲೆಯ ಕೆಳಗೆ ಡಬಡಬ ಎಂದು ಪೊಳ್ಳಾಗಿ ಬಂದಿತು. ಅಲ್ಲಿ ಕರಣೆಯ ತುದಿಯನ್ನು ಸೇರಿಸಿ ಮೀಟಿದ ಕೂಡಲೆ ಅಂಗೈಯಗಲದ ಸಿಮೆಂಟಿನ ಚಕ್ಕೆಯೊಂದು ಪೂರ್ತಿಯಾಗಿ ಕಳಚಿಬಂದಿತು. ಅದರ ಹಿಂದೆ ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆಯು, ಬೇಸಗೆ ಕಳೆದು ಬಂದಿದ್ದ ಹೊಸ ಮಳೆಯಿಂದಲ್ಲ, ಎಷ್ಟೋ ವರ್ಷಗಳಿಂದ ಒಣಗದೆ ಉಳಿದ ತೇವದಿಂದ ಕಪ್ಪಾಗಿತ್ತು. "ಯಾರೋ ಹಿಂದೆ ಸಿಮೆಂಟ್ ಮೆತ್ತಿದಾರೆ ಸಾರ್. ನೀರು ಒಳಗೆ ಹೋಗೋಕೆ ದಾರಿ ಇದೆ, ಆಚೆ ಬರೋಕೆ ಇಲ್ಲ" ಎಂದನು.

ಹಳೆಯ ಕಟ್ಟಡಗಳ ಶಾಸ್ತ್ರವೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನಲ್ಲಿ ಅಡಗಿದೆ. ಮಣ್ಣು, ಇಟ್ಟಿಗೆ, ಸುಣ್ಣದ ಗಾರೆಗಳಿಂದ ಕಟ್ಟಿದ ದಪ್ಪಗೋಡೆಯು ನೆಲದಿಂದಲೂ ಮಳೆಯಿಂದಲೂ ಸ್ವಲ್ಪ ನೀರನ್ನು ಕುಡಿಯುವುದು ಸಹಜ. ಕುಡಿದ ನೀರನ್ನು ಬಿಸಿಲು ಬಂದಾಗ ಸುಣ್ಣದ ಸೂಕ್ಷ್ಮರಂಧ್ರಗಳ ಮೂಲಕ ಬಿಟ್ಟುಕೊಡುವುದೂ ಸಹಜ. ಸಿಮೆಂಟು ಗಟ್ಟಿ, ಆದರೆ ಬಿರುಸು. ಹೊರಹೋಗುವ ತೇವವನ್ನು ಅದು ತಡೆಯುತ್ತದೆ. ತಡೆದ ತೇವವು ಮಣ್ಣಿನ ಲವಣಗಳನ್ನು ಕರಗಿಸಿಕೊಂಡು ಗಿಲಾವಿನ ಹಿಂದೆ ಸೇರುತ್ತದೆ. ಅಲ್ಲಿ ಒಣಗಿದಾಗ ಲವಣವು ಹರಳುಗಟ್ಟಿ ಹಿಗ್ಗಿ ಗಿಲಾವನ್ನೇ ಗೋಡೆಯಿಂದ ತಳ್ಳುತ್ತದೆ. ಸುಣ್ಣದ ಗಾರೆಯಾದರೋ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ನಿಧಾನವಾಗಿ ಹೀರಿಕೊಂಡು, ಸುಡುವುದಕ್ಕೆ ಮುಂಚೆ ತಾನಿದ್ದ ಸುಣ್ಣದ ಕಲ್ಲಿನ ಸ್ಥಿತಿಗೆ ಮತ್ತೆ ಮರಳುತ್ತದೆ. ಸಣ್ಣ ಬಿರುಕುಗಳನ್ನು ಕೆಲಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಇಟ್ಟಿಗೆಯ ಪುಡಿ ಸೇರಿಸಿ ಅರೆದ ಸುರ್ಕಿಗಾರೆಯು ನೀರಿನ ಸಂಗದಲ್ಲಿಯೂ ಗಟ್ಟಿಯಾಗುವಂಥದು. ಕನ್ನಂಬಾಡಿಯ ಕೃಷ್ಣರಾಜಸಾಗರದ ಕಟ್ಟೆಯನ್ನು ಕಟ್ಟಿದುದು ಅದರಿಂದಲೇ ಎಂದು ನೆನೆದರೆ, ಅದನ್ನು ದುರ್ಬಲವೆನ್ನುವವರ ಬಾಯಿಗೆ ಬೇರೆ ಉತ್ತರ ಬೇಕಿಲ್ಲ.

ತಾರಸಿಯ ರಚನೆಯು ಇನ್ನೂ ಸೊಗಸು. ಗೋಡೆಯಿಂದ ಗೋಡೆಗೆ ತೇಗದ ಜಂತೆಗಳನ್ನು ಒಂದೂವರೆ ಅಡಿಯ ಆಸುಪಾಸಿನ ಅಂತರದಲ್ಲಿ ಹಾಯಿಸಿ, ಅವುಗಳ ಮೇಲೆ ತೆಳುವಾದ ಪುಟ್ಟ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಕೋಣೆಗೆ ಓರೆಯಾಗಿ ಸಾಲುಹಿಡಿದು ಸುಣ್ಣದಲ್ಲಿ ಬೆಸೆಯುತ್ತಿದ್ದರು. ಅದರ ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣದ ಗಚ್ಚನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತ, ಸಾಲಾಗಿ ಕುಳಿತ ಹೆಂಗಸರು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಕೊನೆಗೆ ಮೇಲೊಂದು ಪದರ ಚಪ್ಪಟೆ ಹೆಂಚು. ಆ ಬಡಿತವೇ ತಾರಸಿಯ ಆಯುಷ್ಯ. ಸಾಮಾನ್ಯವಾಗಿ ಅಂಥ ತಾರಸಿ ಸೋರುವುದು ತನ್ನ ದೋಷದಿಂದಲ್ಲ, ಎಲೆಕಸದಿಂದ ಮುಚ್ಚಿಹೋದ ನೀರುಕೊಳವೆಯ ಬಾಯಿಂದ, ಅಥವಾ ಗೋಡೆಯೊಳಗೆ ಹೂತ ಜಂತೆಯ ತುದಿಗೆ ಗೆದ್ದಲು ಹತ್ತಿದುದರಿಂದ. ನಮ್ಮಲ್ಲಿ ಎರಡೂ ಆಗಿದ್ದುವು. ಕೆಟ್ಟ ಜಂತೆಗೆ ಬದಲಾಗಿ ಅದೇ ಪೇಟೆಯಲ್ಲಿ ಆಗ ತಾನೆ ಕೆಡವಿದ್ದ ಮನೆಯೊಂದರ ತೇಗದ ಜಂತೆ ಸಿಕ್ಕಿತು. ಹಳೆಯ ಮರ ಮಾರುವವರು ಅದಕ್ಕೆ ಘನ ಅಡಿಯ ಲೆಕ್ಕದಲ್ಲಿ ಬೆಲೆ ಹೇಳಿ, ಕಾಸೂ ಬಿಡದೆ ವಸೂಲು ಮಾಡಿದರು. ನಿಂತ ಮನೆಗೆ ಬೆಲೆಯಿಲ್ಲ, ಬಿದ್ದ ಮನೆಗೆ ಉಂಟು ಎಂಬ ಈ ಅರ್ಥಶಾಸ್ತ್ರವನ್ನು ಬಲ್ಲವರು ವಿವರಿಸಬೇಕು.

ಜಗಲಿಯ ಹೆಂಚುಗಳನ್ನು ಇಳಿಸಿ ತೊಳೆಯುವಾಗ ಒಂದನ್ನು ಮಗುಚಿ ನೋಡಿದೆನು. ಒಳಮೈಯಲ್ಲಿ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಒತ್ತಿತ್ತು. ಜರ್ಮನಿಯ ಪ್ಲೆಬ್ಸ್ಟ್ ಎಂಬ ಮಿಷನರಿ ತಂತ್ರಜ್ಞನ ಪ್ರಯತ್ನದಿಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಇಂಥ ಕಾರ್ಖಾನೆಯನ್ನು ಮೊದಲು ತೆರೆದರು; ನೇತ್ರಾವತಿಯ ತೀರದ ಜೇಡಿಮಣ್ಣು ಹೀಗೆ ಘಟ್ಟವನ್ನೇರಿ ಬಯಲುಸೀಮೆಯ ಮಾಡುಗಳ ಮೇಲೆ ಕುಳಿತಿತು. ಮನೆಯ ಅಡಿಪಾಯಕ್ಕೂ ಹೊಸ್ತಿಲಿಗೂ ಅಟ್ಟದ ಚಪ್ಪಡಿಗೂ ಮಾತ್ರ ಕಲ್ಲು ಇಲ್ಲಿಯದೇ, ಬೆಂಗಳೂರು ಯಾವ ಬಂಡೆಯ ಮೇಲೆ ಕುಳಿತಿದೆಯೋ ಆ ಬೂದುಬಣ್ಣದ ಗಟ್ಟಿಕಲ್ಲು. ಕೆಂಪು ಗಾರೆಯ ನೆಲದ ವಿಷಯದಲ್ಲಿ ನಾನು ಹೇಳಬಯಸುವುದು ಇಷ್ಟೇ: ಅದರಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಇರಲಿ, ಆಸಿಡ್ಡು ಹಾಕಿ ತೊಳೆಯದೆ, ಮೇಲೆ ಹೊಳೆಯುವ ಟೈಲು ಹಾಸದೆ, ಆಗಾಗ ಸ್ವಲ್ಪ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ತಿಕ್ಕಿದರೆ ಸಾಕು.

ಇನ್ನು ಹಿತ್ತಲಿನ ಕಿರುಬಾಗಿಲು. ಚಾಮರಾಜಪೇಟೆಯು 1892ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಕೋಟೆಯ ಪಶ್ಚಿಮದ ಬಯಲಿನಲ್ಲಿ ಅಳೆದು ಹಾಕಿದ ಬಡಾವಣೆ. ಆಗ ಸಿಂಹಾಸನದಲ್ಲಿದ್ದ ಚಾಮರಾಜೇಂದ್ರ ಒಡೆಯರ ಹೆಸರು ಅದಕ್ಕೆ. ಕೆಂಪೇಗೌಡನ ಪೇಟೆಯಲ್ಲಿ ಬೀದಿಗಳು ಕಸುಬುಗಳನ್ನು ಅನುಸರಿಸಿ ಡೊಂಕುಡೊಂಕಾಗಿ ಬೆಳೆದುವು. ಇಲ್ಲಿ ಐದು ಮುಖ್ಯರಸ್ತೆಗಳನ್ನೂ ಅವನ್ನು ಕತ್ತರಿಸುವ ಒಂಬತ್ತು ಅಡ್ಡರಸ್ತೆಗಳನ್ನೂ ಮೊದಲು ಕಾಗದದ ಮೇಲೆ ಗೆರೆಯೆಳೆದು, ಆಮೇಲೆ ನೆಲದ ಮೇಲೆ ಇಳಿಸಿದರು. ಹೀಗೆ ಗೆರೆಯೆಳೆದವರು ಮನೆಗಳ ಎರಡು ಸಾಲುಗಳ ಬೆನ್ನುಗಳ ನಡುವೆ ಒಂದು ಸಣ್ಣ ಗಲ್ಲಿಯನ್ನೂ ಬಿಟ್ಟರು. ಕನ್ಸರ್ವೆನ್ಸಿ ಎಂಬುದು ಅದರ ಹೆಸರು. ಒಳಚರಂಡಿ ಇಲ್ಲದಿದ್ದ ಆ ಕಾಲದಲ್ಲಿ ಮನೆಯ ಕೊನೆಯಲ್ಲಿದ್ದ ಕಕ್ಕಸಿನ ಮಲವನ್ನು ಬಳಿದು, ತಲೆಯ ಮೇಲೆ ಹೊತ್ತು ಸಾಗಿಸುವವರು, ಮುಂಬೀದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಬಂದುಹೋಗಲೆಂದು ಆ ಗಲ್ಲಿ, ಆ ಬಾಗಿಲು. ನಮ್ಮ ಹಳೆಯ ಬಡಾವಣೆಗಳ ಅಗಲವಾದ ಬೀದಿಗಳನ್ನೂ ಸಾಲುಮರಗಳನ್ನೂ ಕೊಂಡಾಡುವವರು ಈ ಹಿಂಬಾಗಿಲನ್ನು ಮರೆಯುವುದು ಸರಿಯಲ್ಲ. ಮುಂಭಾಗದ ನೈರ್ಮಲ್ಯವು ಹಿಂಭಾಗದ ಒಂದು ಜಾತಿಯ ಬೆನ್ನಿನ ಮೇಲೆ ನಿಂತಿತ್ತು, ಮತ್ತು ಶಿಲ್ಪಿಯು ಅದನ್ನು ಬಲ್ಲವನಾಗಿಯೇ ನಕ್ಷೆಯಲ್ಲಿ ಬರೆದನು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಗಲ್ಲಿಗಳಲ್ಲಿ ಕೆಲವನ್ನು ಅಕ್ಕಪಕ್ಕದವರು ಒತ್ತಿಕೊಂಡಿದ್ದಾರೆ. ಕೆಲವು ಕಸದ ತಾಣಗಳಾಗಿವೆ. ನಮ್ಮ ಹಿಂದಿನದರಲ್ಲಿ ಯಾರೋ ಸ್ಕೂಟರುಗಳನ್ನು ನಿಲ್ಲಿಸುತ್ತಾರೆ.

ಬಾವಿಗೂ ಇಂಥದೇ ಕಾರಣವುಂಟು. ಹೆಸರಘಟ್ಟದ ನೀರು ನಳದಲ್ಲಿ ಬೆಂಗಳೂರಿಗೆ ಬಂದುದು 1896ರಲ್ಲಿ. ಅಲ್ಲಿಯವರೆಗೆ ಊರೆಲ್ಲ ಕೆರೆಬಾವಿಗಳನ್ನು ನಂಬಿತ್ತು, ನಳ ಬಂದ ಮೇಲೆಯೂ ಬೇಸಗೆಯಲ್ಲಿ ಪೂರ್ತಿಯಾಗಿ ಬಿಡಲಿಲ್ಲ. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದುದು 1905ರಲ್ಲಿ. ಆದುದರಿಂದ ಮನೆಯ ಗೋಡೆಗಳ ಮೇಲೆ ಮರದ ಪಟ್ಟಿಯೊಳಗೆ ಹರಿಯುವ ತಂತಿಗಳು, ಗೋಡೆಯನ್ನು ಕಟ್ಟಿದವರು ಎಣಿಸಿರದ ಅತಿಥಿಗಳು. ಅವುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆಸುವುದನ್ನು ಯಾವ ಹಳಮೆಯ ಮೋಹದಿಂದಲೂ ಮುಂದೂಡಬಾರದು.

ಉತ್ತರದ ರಸ್ತೆಯನ್ನು ಹಿಡಿದು ನಡೆದರೆ ಆಲೂರು ವೆಂಕಟರಾವ್ ರಸ್ತೆ ಸಿಕ್ಕುತ್ತದೆ. ಅದರಲ್ಲಿ ಪೂರ್ವಕ್ಕೆ ತಿರುಗಿದರೆ ಕೋಟೆ. ಕೆಂಪೇಗೌಡನ ಮಣ್ಣಿನ ಕೋಟೆಯನ್ನು ಹೈದರಾಲಿಯು 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸತೊಡಗಿದನು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಅದನ್ನು ಹಿಡಿಯಿತು. ಈಗ ಉಳಿದಿರುವುದು ಒಂದು ಹೆಬ್ಬಾಗಿಲಿನ ಸುತ್ತಣ ಸ್ವಲ್ಪ ಭಾಗ ಮಾತ್ರ. ಹಳೆಯ ಮನೆಯ ಒಡೆಯನಿಗೆ ಇಲ್ಲಿ ಪಾಠವಾಗತಕ್ಕುದು ಕೋಟೆಗಿಂತ ಅದೇ ವರ್ಷ ಮುಗಿದ ಟಿಪ್ಪುವಿನ ಬೇಸಗೆ ಅರಮನೆ. ಅದರ ತೇಗದ ಕಂಬಗಳು ನೆಲವನ್ನು ಮುಟ್ಟುವುದಿಲ್ಲ. ಒಂದೊಂದೂ ಒಂದು ಕಲ್ಲಿನ ಪೀಠದ ಮೇಲೆ ನಿಂತಿದೆ. ನೆಲದ ತೇವವೂ ಗೆದ್ದಲೂ ಮರಕ್ಕೆ ನೇರವಾಗಿ ಹತ್ತದಿರುವುದು ಇದರಿಂದಲೇ. ನಮ್ಮ ಜಗಲಿಯ ಎರಡು ಬಡಕಂಬಗಳ ಕೆಳಗೂ ಅಂಥ ಪೀಠಗಳಿವೆ. ಅಲಂಕಾರಕ್ಕೆಂದು ತಿಳಿದು ಅವುಗಳಿಗೆ ಬಣ್ಣ ಬಳಿಸಿದ್ದವರು ಅರಮನೆಯನ್ನು ನೋಡಿರಲಾರರು. 1831ರಿಂದ 1868ರವರೆಗೆ ಸಂಸ್ಥಾನದ ಕಚೇರಿಗಳು ಈ ಮರದ ಅರಮನೆಯಲ್ಲಿಯೇ ನಡೆದು, ಜಾಗ ಸಾಲದೆ ಅಠಾರ ಕಚೇರಿಗೆ ಹೋದುವು.

ಅರಮನೆಯ ಮಗ್ಗುಲಲ್ಲಿ ಕೋಟೆ ವೆಂ­ಕಟರಮಣನ ಗುಡಿ. ಚಿಕ್ಕದೇವರಾಜ ಒಡೆಯರು ಕಟ್ಟಿಸಿದುದೆಂದು ಪ್ರತೀತಿ. ಅವರ ಹೆಸರು ಬಂದಾಗ, ಬೆಂಗಳೂರೇ ಒಮ್ಮೆ ಕ್ರಯಕ್ಕೆ ಬಂದಿದ್ದ ಪ್ರಸಂಗವನ್ನು ಹೇಳದಿರಲಾರೆನು. ತಂಜಾವೂರಿಗೆ ಹೋಗಿ ನೆಲಸಿದ ಏಕೋಜಿಗೆ ದೂರದ ಬೆಂಗಳೂರನ್ನು ಕಾಪಾಡಿಕೊಳ್ಳುವುದು ಭಾರವಾಗಿ, 3 ಲಕ್ಷ ರೂಪಾಯಿಗೆ ಅದನ್ನು ಚಿಕ್ಕದೇವರಾಜರಿಗೆ ಕೊಡುವ ಮಾತುಕತೆ ನಡೆಯುತ್ತಿದ್ದಿತು. ವ್ಯವಹಾರವು ಮುಗಿಯುವುದಕ್ಕೆ ಮೊದಲೇ, 1687ರಲ್ಲಿ, ಮೊಗಲರ ಸೇನಾನಿ ಖಾಸಿಂಖಾನನು ಊರನ್ನು ಹಿಡಿದುಬಿಟ್ಟನು. ಆಮೇಲೆ ಮೈಸೂರಿನವರು ಅದೇ 3 ಲಕ್ಷವನ್ನು ಮೊಗಲರಿಗೆ ಕೊಟ್ಟು ಊರನ್ನು ಪಡೆದರು. ಅದು ಕ್ರಯವೋ ಗುತ್ತಿಗೆಯೋ ಎಂಬ ಚರ್ಚೆ ಇನ್ನೂ ಇದೆ. ಒಬ್ಬನೊಡನೆ ಕರಾರು, ಇನ್ನೊಬ್ಬನ ಸ್ವಾಧೀನ, ಮೂರನೆಯವನಿಗೆ ಹಣ: ಇಂಥ ತಾಯಿಪತ್ರವನ್ನು ನಮ್ಮ ವಕೀಲರ ಮುಂದಿಟ್ಟಿದ್ದರೆ ಅವರು ಖಂಡಿತವಾಗಿಯೂ ಬೇಡವೆನ್ನುತ್ತಿದ್ದರು.

ಪಶ್ಚಿಮದ ಕಡೆ ನಡೆಯುವುದು ಕಷ್ಟ. ಈದ್ಗಾ ಮೈದಾನವನ್ನು ದಾಟಿದೊಡನೆ ಮೈಸೂರು ರಸ್ತೆಯ ವಾಹನಗಳ ಮಹಾಪೂರವು ಪಾದಚಾರಿಯನ್ನು ಹಿಂದಕ್ಕೆ ಕಳುಹಿಸುತ್ತದೆ. ದಕ್ಷಿಣವೇ ನಡೆಯುವವರ ದಿಕ್ಕು. ಪಂಪ ಮಹಾಕವಿ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. 1915ರಲ್ಲಿ ಹುಟ್ಟಿದ ಆ ಸಂಸ್ಥೆಯ ಪುಸ್ತಕದಂಗಡಿಗೆ ಹೋಗಿಬರುವಷ್ಟು ಹತ್ತಿರದಲ್ಲಿ ಮನೆಯಿರುವುದು ನನ್ನ ಮಟ್ಟಿಗೆ ಅಷ್ಟಭೋಗಗಳಿಗೆ ಒಂಬತ್ತನೆಯದು. ಸ್ವಲ್ಪ ದೂರದಲ್ಲಿ ಮಕ್ಕಳ ಕೂಟ. ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರು ಸ್ಥಾಪಿಸಿದ ಆ ಕೂಟದ ಹೆಸರನ್ನು ಈಗ ಬಹುಮಂದಿ ಬಲ್ಲುದು ಬಸ್ಸಿನ ನಿಲುಗಡೆಯೆಂದು. ಅಲ್ಲಿಂದ ಬುಲ್ ಟೆಂಪಲ್ ರಸ್ತೆಯು ರಾಮಕೃಷ್ಣಾಶ್ರಮದ ಮುಂದೆ ಹಾದು ದೊಡ್ಡಬಸವನ ಗುಡ್ಡವನ್ನೇರುತ್ತದೆ. ಬಲಕ್ಕೆ ಗವಿಪುರದಲ್ಲಿ, ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದ ಸೂರ್ಯಕಿರಣವು ಲಿಂಗವನ್ನು ಮುಟ್ಟುವ ಗವಿಗಂಗಾಧರೇಶ್ವರ. ಅದರ ಬಳಿಯೇ ಕೆಂಪೇಗೌಡನ ಕಾಲದ ಕೆಂಪಾಂಬುಧಿ ಕೆರೆ. ನಮ್ಮ ಬಾವಿಗೂ ಆ ಕೆರೆಗೂ ಒಳಗೊಳಗೇ ಸಂಬಂಧವುಂಟೆಂದು ಪೂರ್ವದ ಮನೆಯ ಅಜ್ಜಿ ಹೇಳುತ್ತಾರೆ. ಕೆರೆ ತುಂಬಿದ ವರ್ಷ ಬಾವಿಯಲ್ಲಿ ನೀರು ಏರುವುದನ್ನು ಅವರು ಕಂಡಿದ್ದಾರಂತೆ.

ಬಸವನಗುಡಿಯನ್ನು ಪ್ರವೇಶಿಸಿದೊಡನೆ ಬೀದಿಗಳ ಸ್ವಭಾವವು ಬದಲಾಗುವುದನ್ನು ನಡೆಯುವವನ ಕಾಲೇ ಗುರುತಿಸುತ್ತದೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಲ್ಲಿ ಸಾವಿರಾರು ಜನ ಸತ್ತರು. ಅದಾದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬಿರುಸಿನಿಂದ ಬೆಳೆದುವು. ಗಾಳಿಬೆಳಕುಗಳು ಆಗ ಸೌಖ್ಯದ ಮಾತಾಗಿರದೆ ಜೀವದ ಮಾತಾಗಿದ್ದುವು. ಮನೆಯ ಸುತ್ತಲೂ ಬಯಲು ಬಿಡಬೇಕು, ಕಿಟಕಿಗಳು ಎದುರುಬದುರಾಗಿರಬೇಕು ಎಂಬ ನಿಯಮಗಳ ಹಿಂದೆ ಇಲಿಯ ಭಯವಿದ್ದಿತು. ಅದೇ ಬಡಾವಣೆಗಳಲ್ಲಿ ಜಾತಿಜಾತಿಗೂ ಬೇರೆಬೇರೆ ಭಾಗಗಳನ್ನು ಗೊತ್ತುಮಾಡಿದುದೂ ನಿಜ. ಪ್ಲೇಗಿನ ವಿಷಯದಲ್ಲಿ ಹೊಸ ವಿಜ್ಞಾನವನ್ನು ನಂಬಿದವರು ಉಳಿದ ವಿಷಯಗಳಲ್ಲಿ ಹಳೆಯ ಶಾಸ್ತ್ರವನ್ನೇ ಹಿಡಿದಿದ್ದರು. ಅಂದಹಾಗೆ, ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಒಂದು ಕಿಟಕಿಯಿಂದ ಬೆಳಕೂ ಗಾಳಿಯೂ ಬರುತ್ತಿದ್ದರೆ, 1882ರ ಕಾನೂನಿನ ಪ್ರಕಾರ ಅದು ಮನೆಯ ಹಕ್ಕೇ ಆಗುತ್ತದೆ. ಪಶ್ಚಿಮದ ನಿವೇಶನದಲ್ಲಿ ನಾಲ್ಕಂತಸ್ತು ಎಬ್ಬಿಸುವ ಯೋಚನೆಯಲ್ಲಿರುವ ನೆರೆಯವರೊಡನೆ ಈ ವಿಷಯವನ್ನು ನಾನು ಸೌಮ್ಯವಾಗಿ ಪ್ರಸ್ತಾಪಿಸಿದ್ದೇನೆ. ಅವರೂ ಸೌಮ್ಯವಾಗಿಯೇ, "ನೋಡೋಣ ಸ್ವಾಮಿ" ಎಂದಿದ್ದಾರೆ.

ಗಾಂಧಿಬಜಾರು, 1943ರ ವಿದ್ಯಾರ್ಥಿ ಭವನ, ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಇವುಗಳ ಬಗ್ಗೆ ಬರೆದವರು ಬಹುಮಂದಿ. ನಾನು ಸೇರಿಸತಕ್ಕುದೇನೂ ಇಲ್ಲ. ಚಾಮರಾಜಪೇಟೆಯ ಭಾಗ್ಯವಾದರೋ ಬೇಸಗೆಯಲ್ಲಿ ಬರುತ್ತದೆ. ಎಸ್.ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಲಿಯ ರಾಮೋತ್ಸವದ ಕಛೇರಿಗಳು ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ವಾರಗಟ್ಟಲೆ ನಡೆಯುತ್ತವೆ. ಟಿಕೆಟ್ಟು ಕೊಂಡವರು ಒಳಗೂ, ಕೊಳ್ಳದವರು ಹೊರಗಿನ ರಸ್ತೆಯಂಚಿನಲ್ಲೂ ಕುಳಿತು ಅದೇ ಕಾಂಬೋಧಿಯನ್ನು ಕೇಳುವ ವ್ಯವಸ್ಥೆಯೊಂದು ಇಲ್ಲಿ ತಾನಾಗಿ ಏರ್ಪಟ್ಟಿದೆ. ಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಯುಗಾದಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ಪೂರ್ವದ ಮನೆಯ ಅಜ್ಜಿಯ ಮಗ ಬೇಲಿಯ ಬಳಿಗೆ ಬಂದು, "ಕಛೇರಿ ಶುರುವಾದ ಮೇಲೆ ಕಾರನ್ನ ಸಂಜೆ ಐದರೊಳಗೆ ಒಳಗೆ ಹಾಕ್ಕೊಂಬಿಡಿ ಸಾರ್, ಆಮೇಲೆ ನಿಮ್ಮ ಗೇಟು ನಿಮ್ದಲ್ಲ" ಎಂದು ಎಚ್ಚರಿಸಿ ಹೋದರು.